ಪೂಲ್ ಆಟಗಾರರನ್ನು ಕೂರಿಸಿಕೊಂಡು ಮಾತಾಡಿಸಬೇಕು

ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಅದರಿಂದ ಬೇರೆ ಚೆಂಡುಗಳನ್ನು ಮೇಜಿನ ಪಾಕೆಟ್‌ಗೆ ಬೀಳಿಸುವ ಪೂಲ್ ಆಟದ ಗೀಳು ಹತ್ತಿದವರೆಲ್ಲ ಒಂದಲ್ಲ ಒಂದು ರಾತ್ರಿ ಆ ವಿಡಿಯೊ ನೋಡೇ ಇರುತ್ತಾರೆ. 1995ನೇ ಇಸವಿ. ಅಮೆರಿಕದ ರೀನೋ ಊರಿನಲ್ಲಿ ಸ್ಯಾಂಡ್ಸ್ ರೀಜೆನ್ಸಿ ಟೂರ್ನಿಯ ಫೈನಲ್. ಒಂದು ಕಡೆ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್, ಇನ್ನೊಂದು ಕಡೆ ಫಿಲಿಪ್ಪೀನ್ಸಿನ ಎಫ್ರೆನ್ ರೇಯೆಸ್. ಸ್ಕೋರು 12-12. ಮೊದಲು 13 ಮುಟ್ಟಿದವರು ಗೆದ್ದಂತೆ. ನೈನ್ ಬಾಲ್ ಆಟದಲ್ಲಿ ಮೇಜಿನ ಮೇಲೆ ಉಳಿದಿರುವ ಅತಿ ಚಿಕ್ಕ ನಂಬರಿನ ಚೆಂಡನ್ನೇ ಮೊದಲು ಮುಟ್ಟಬೇಕು. ಆಗ ಉಳಿದಿದ್ದರಲ್ಲಿ ಚಿಕ್ಕದು ಐದು. ಸ್ಟ್ರಿಕ್‌ಲ್ಯಾಂಡ್ ಅದನ್ನು ಮರೆ ಮಾಡಿ, ಅಂದರೆ ಎದುರಾಳಿಗೆ ಹೊಡೆಯಲು ದಾರಿ ಬಿಡದ ಅಚ್ಚುಕಟ್ಟಾದ ಸೇಫ್ಟಿ ಆಡಿ ಹೋಗಿ ಕೂತರು. ರೇಯೆಸ್‌ಗೆ ನೇರ ದಾರಿ ಇಲ್ಲ. ಅವರು ಬಗ್ಗಿ ಹೊಡೆದರು. ಬಿಳಿ ಚೆಂಡು ಒಂದು ಕುಶನ್‌ಗೆ, ಅಂದರೆ ಮೇಜಿನ ಅಂಚಿನ ಮೆತ್ತನೆ ಪಟ್ಟಿಗೆ, ಬಡಿಯಿತು, ಎದುರಿನ ಕುಶನ್‌ಗೂ ಬಡಿಯಿತು, ಇಂಗ್ಲಿಷಿನ ಝಡ್ ಅಕ್ಷರ ಬರೆದ ಹಾಗೆ ಸಾಗಿ ಐದನ್ನು ಪಾಕೆಟ್‌ಗೆ ಕಳಿಸಿತು. ಸಾಲದು ಅಂತ ಆರನೇ ಚೆಂಡಿಗೆ ಹದವಾದ ಜಾಗದಲ್ಲಿ ಬಂದು ನಿಂತಿತು. ಪಂದ್ಯ ರೇಯೆಸ್ ಪಾಲಾಯಿತು.

ಆ ಹೊಡೆತವನ್ನು ನಾನು ಎಷ್ಟು ಸಲ ನೋಡಿದರೂ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಅವರು ಐದನ್ನು ಪಾಕೆಟ್ ಮಾಡೋಕೆ ಅಂತಲೇ ಹೊಡೆದರಾ, ಇಲ್ಲಾ ಫೌಲ್ ಆಗದಿದ್ದರೆ ಸಾಕು ಅಂತ ಮುಟ್ಟೋಕೆ ಹೊಡೆದರಾ? ಐದು ಬೀಳದೇ ಹೋಗಿದ್ದರೆ ಬಿಳಿ ಚೆಂಡು ಎಲ್ಲಿ ನಿಲ್ಲಬೇಕು ಅನ್ನುವ ಲೆಕ್ಕವೂ ತಲೆಯಲ್ಲಿ ಇತ್ತಾ? ಎರಡು ಕುಶನ್‌ನ ದಾರಿ ಕಂಡಿದ್ದು ಆ ಕ್ಷಣದಲ್ಲಾ, ಅಥವಾ ಎಂದೋ ಚಿಕ್ಕಂದಿನಲ್ಲಿ ಇಂಥದ್ದೇ ಒಂದು ಚೆಂಡನ್ನು ಹೀಗೇ ಮುಟ್ಟಿದ್ದು ನೆನಪಾಯಿತಾ? ಕೇಳಿದರೆ ರೇಯೆಸ್ ಏನು ಹೇಳಬಹುದು ಅಂತ ಊಹಿಸಬಹುದು. ತಮ್ಮ ದೊಡ್ಡ ದೊಡ್ಡ ಗೆಲುವುಗಳಿಗೂ ನಗುತ್ತಾ ಅದೃಷ್ಟ ಅನ್ನುವುದು ಅವರ ಅಭ್ಯಾಸ. ಎರಡು ನಿಮಿಷ ಮೈಕ್ ಹಿಡಿದರೆ ಅಷ್ಟೇ ಸಿಗೋದು. ಎರಡು ದಿನ ಜೊತೆಯಲ್ಲಿ ಕೂತರೆ?

ನಾನು ಕೇಳ್ತಿರೋದು ಆ ಎರಡು ದಿನವನ್ನು. ವೃತ್ತಿಪರ ಪೂಲ್ ಆಟಗಾರರ ಜೊತೆ ದೀರ್ಘವಾದ, ತಾಳ್ಮೆಯ, ಆಟ ಗೊತ್ತಿರುವವರು ಮಾಡುವ ಸಂದರ್ಶನಗಳು ಬೇಕು. ಜಾಸ್ತಿ ಬೇಕು, ಬೇಗ ಬೇಕು.

ಈ ಆಟದ ವಿಡಿಯೊಗಳಿಗೆ ಕೊರತೆ ಇಲ್ಲ. ಸ್ವತಃ ಒಳ್ಳೆಯ ಆಟಗಾರರಾಗಿದ್ದ ಪ್ಯಾಟ್ ಫ್ಲೆಮಿಂಗ್ ಎಂಬುವರು 1980ರ ದಶಕದಲ್ಲೇ ಅಕ್ಯು-ಸ್ಟ್ಯಾಟ್ಸ್ ಅನ್ನುವ ಸಂಸ್ಥೆ ಕಟ್ಟಿ ಪಂದ್ಯಗಳನ್ನು ಚಿತ್ರೀಕರಿಸತೊಡಗಿದರು. ಎಷ್ಟು ತಪ್ಪು, ಎಷ್ಟು ಚೆಂಡು ಅಂತ ಲೆಕ್ಕ ಹಾಕಿ ಆಟಗಾರರಿಗೆ ಅಂಕ ಕೊಡುವ ಪದ್ಧತಿಯನ್ನೂ ತಂದರು. ಅವರು ಅಷ್ಟು ಮಾಡದೇ ಇದ್ದಿದ್ದರೆ ಇವತ್ತು ನಾವು ಬೆಂಗಳೂರಲ್ಲೋ ಶಿವಮೊಗ್ಗದಲ್ಲೋ ಕೂತು ಆ ಕಾಲದ ಆಟವನ್ನು ನೋಡೋ ಮಾತೇ ಇರಲಿಲ್ಲ. ಆದರೆ ಅಷ್ಟೆಲ್ಲ ಟೇಪಿನಲ್ಲಿ ನಮಗೆ ಸಿಗೋದು ಕೈಯ ಕೆಲಸ. ತಲೆಯ ಕೆಲಸ ಸಿಗಬೇಕಂದರೆ ಅದೇ ಟೇಪನ್ನು ಆಟಗಾರನ ಮುಂದೆ ಹಾಕಿ, ಒಂದೊಂದು ಹೊಡೆತಕ್ಕೂ ನಿಲ್ಲಿಸಿ, "ಇಲ್ಲಿ ಏನು ನೋಡಿದಿರಿ?" ಅಂತ ಕೇಳಬೇಕು. ಚೆಸ್‌ನಲ್ಲಿ ಆಟ ಮುಗಿದ ಮೇಲೆ ಇಬ್ಬರೂ ಕೂತು ಮತ್ತೆ ಕಾಯಿ ನಡೆಸಿ ಮಾತಾಡುವ ರೂಢಿ ಎಂದಿನಿಂದಲೂ ಇದೆ. ಪೂಲ್‌ನಲ್ಲಿ ಪಂದ್ಯ ಮುಗಿದ ಕೂಡಲೇ ಕ್ಯೂ ಬಿಚ್ಚಿ ಕೇಸಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ.

ಪ್ರಶ್ನೆ ಸರಿಯಾಗಿದ್ದರೆ ಮಾತು ಹೇಗೆ ಹೊರಡುತ್ತದೆ ಅನ್ನುವುದನ್ನು ನಾನು ನಮ್ಮ ಏರಿಯಾದ ಪೂಲ್ ಪಾರ್ಲರ್‌ನಲ್ಲೇ ಕಂಡಿದ್ದೇನೆ. ಅಲ್ಲಿಗೆ ಬರುವ ಹಿರಿಯರೊಬ್ಬರು ಯಾರ ಜೊತೆಗೂ ಜಾಸ್ತಿ ಮಾತಾಡುವವರಲ್ಲ. "ಚೆನ್ನಾಗಿ ಆಡಿದ್ರಿ ಸಾರ್" ಅಂದರೆ ತಲೆಯಾಡಿಸಿ ಸುಮ್ನಾಗುತ್ತಾರೆ. ಒಂದು ಸಂಜೆ ಅವರನ್ನು ಬೇರೆ ಥರ ಕೇಳಿದೆ. "ಮೂರನೇ ಚೆಂಡಿಗೆ ಸುಲಭವಾಗಿ ನಿಲ್ಲಬಹುದಿತ್ತು. ನೀವು ಯಾಕೆ ಬಿಳಿ ಚೆಂಡನ್ನು ಮೇಜಿನ ಆ ತುದಿಗೆ ಓಡಿಸಿದಿರಿ?" ಅವರು ನನ್ನ ಮುಖ ನೋಡಿದರು. ಆಮೇಲೆ ಚೆಂಡುಗಳನ್ನು ಮತ್ತೆ ಇದ್ದ ಜಾಗಕ್ಕೇ ಜೋಡಿಸಿದರು, ಒಂದೂ ತಪ್ಪಲಿಲ್ಲ. ಬಟ್ಟೆಯ ಮೇಲೆ ಬೆರಳಲ್ಲಿ ಗೆರೆ ಎಳೆದು, ಮೂರಕ್ಕೆ ಹತ್ತಿರ ನಿಂತರೆ ನಾಲ್ಕಕ್ಕೆ ಕೋನ ತಪ್ಪುತ್ತದೆ, ನಾಲ್ಕು ತಪ್ಪು ಕೋನದಲ್ಲಿ ಸಿಕ್ಕರೆ ಆರು ಮತ್ತು ಎಂಟು ಅಂಟಿಕೊಂಡಿರುವುದನ್ನು ಬಿಡಿಸೋಕೆ ಆಗುವುದಿಲ್ಲ ಅಂತ ತೋರಿಸಿದರು. ಮೂರನೇ ಚೆಂಡಿನ ಹೊತ್ತಿಗೆ ಅವರು ಎಂಟರ ಬಗ್ಗೆ ಯೋಚಿಸುತ್ತಿದ್ದರು! ಪಾರ್ಲರ್ ಮುಚ್ಚುವವರೆಗೂ ಮಾತು ನಿಲ್ಲಲಿಲ್ಲ. ಒಬ್ಬ ಹವ್ಯಾಸಿ ಆಟಗಾರರ ಒಂದು ರ್ಯಾಕಿನಲ್ಲೇ (ಚೆಂಡು ಜೋಡಿಸಿ ಆಡುವ ಒಂದು ಸುತ್ತು) ಇಷ್ಟು ವಿಷಯ ಇರುವಾಗ, ಜಗತ್ತನ್ನೇ ಗೆದ್ದವರ ಹತ್ತಿರ ಎಷ್ಟಿರಬೇಡ?

ರೇಯೆಸ್ ವಿಷಯಕ್ಕೇ ಮತ್ತೆ ಬರುತ್ತೇನೆ, ಯಾಕಂದರೆ ಅವರದ್ದು ತುರ್ತು. 1954ರಲ್ಲಿ ಹುಟ್ಟಿದವರು, ವಯಸ್ಸು ಎಪ್ಪತ್ತು ದಾಟಿದೆ. ಪಂಪಾಂಗಾ ಪ್ರಾಂತ್ಯದ ಹಳ್ಳಿ ಕಡೆಯ ಹುಡುಗ, ಐದು ವರ್ಷದ ಆಸುಪಾಸಿನಲ್ಲಿ ಮನಿಲಾಗೆ ಬಂದು ಚಿಕ್ಕಪ್ಪನ ಲಕ್ಕಿ 99 ಅನ್ನುವ ಪೂಲ್ ಹಾಲ್‌ನಲ್ಲಿ ಬೆಳೆದವರು. ಎತ್ತರ ಸಾಲದೆ ಸೋಡಾ ಬಾಟಲಿಗಳ ಕ್ರೇಟಿನ ಮೇಲೆ ನಿಂತು ಆಡಿದ್ದು, ರಾತ್ರಿ ಮೇಜಿನ ಮೇಲೆಯೇ ಮಲಗುತ್ತಿದ್ದದ್ದು, ಇವೆಲ್ಲ ಎಲ್ಲರೂ ಬರೆದ ಕತೆ. ಎಲ್ಲರೂ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಬೇಕಿರೋದು ಅದರ ಮುಂದಿನದ್ದು. ಫಿಲಿಪ್ಪೀನ್ಸಿನಲ್ಲಿ ಆಡುವುದು ಹೆಚ್ಚಾಗಿ ರೊಟೇಷನ್. ಹದಿನೈದೂ ಚೆಂಡುಗಳನ್ನು ನಂಬರಿನ ಕ್ರಮದಲ್ಲೇ ಮುಟ್ಟಬೇಕು, ಚೆಂಡಿನ ನಂಬರೇ ಅಂಕ, ಒಟ್ಟು 120ರಲ್ಲಿ 61 ಬಂದರೆ ಗೆಲುವು. ಮೇಜಿನ ತುಂಬ ಚೆಂಡು, ಆಡಬೇಕಾದದ್ದು ಒಂದೇ, ದಾರಿಗೆ ಅಡ್ಡ ಹದಿನಾಲ್ಕು. ಅಂಥ ಆಟದಲ್ಲಿ ಬೆಳೆದ ಹುಡುಗನಿಗೆ ಕುಶನ್ ಬಳಸಿ ಮರೆಯಲ್ಲಿರುವ ಚೆಂಡನ್ನು ಮುಟ್ಟುವುದು ದಿನನಿತ್ಯದ ಕೆಲಸ. ಅದರ ಜೊತೆಗೆ ಅವರು ಪಾಕೆಟ್ ಇಲ್ಲದ ಕ್ಯಾರಮ್ ಬಿಲಿಯರ್ಡ್ಸ್ ಕೂಡ ಚೆನ್ನಾಗಿ ಆಡುತ್ತಿದ್ದರು. ಅಲ್ಲಿ ಕುಶನ್‌ನ ಲೆಕ್ಕವೇ ಆಟ. ರೀನೋದ ಆ ಝಡ್ ಬಂದದ್ದು ಇಲ್ಲಿಂದ ಅಂತ ನನ್ನ ಊಹೆ. ಊಹೆ ಸರಿಯೋ ತಪ್ಪೋ ಹೇಳಬೇಕಾದವರು ಅವರೇ. ಯಾರು ಕಲಿಸಿದರು, ನೋಡಿ ಕಲಿತದ್ದೆಷ್ಟು, ಮೇಜಿನ ಅಂಚಿನ ಡೈಮಂಡ್ ಗುರುತುಗಳನ್ನು ಎಣಿಸುತ್ತಾರಾ ಅಥವಾ ಕಣ್ಣಳತೆಯಾ? 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇದೇ ಸ್ಟ್ರಿಕ್‌ಲ್ಯಾಂಡ್ ಜೊತೆ ಮೂರು ದಿನ ಆಡಿ 120-117ರಲ್ಲಿ ಗೆದ್ದರಲ್ಲ, ಒಂದು ಲಕ್ಷ ಡಾಲರಿನ ಪಂದ್ಯ, ಎರಡನೇ ರಾತ್ರಿ ನಿದ್ದೆ ಬಂತಾ?

ಪೂಲ್ ಆಟಗಾರರು ಮಾತು ಕಮ್ಮಿ ಆಡುವುದಕ್ಕೆ ನಾಚಿಕೆಯೋ ಅಹಂಕಾರವೋ ಕಾರಣ ಅಂತ ನನಗನ್ನಿಸುವುದಿಲ್ಲ. ಬಹಳ ಕಾಲ ಅವರ ಹೊಟ್ಟೆಪಾಡು ನಡೆದದ್ದೇ ಮೌನದಿಂದ. ಟೂರ್ನಿಗಳ ಬಹುಮಾನ ಊಟಕ್ಕೂ ಸಾಲದ ದಿನಗಳಲ್ಲಿ ದುಡ್ಡಿದ್ದದ್ದು ಪಣದ ಆಟದಲ್ಲಿ. ಊರಿಂದೂರಿಗೆ ಹೋಗಿ, ಯಾರಿಗೂ ಗುರುತು ಸಿಗದ ಹಾಗೆ ಆಡಿ, ತಮ್ಮ ಸ್ಪೀಡ್, ಅಂದರೆ ಆಟದ ಮಟ್ಟ, ಎಷ್ಟು ಅಂತ ಎದುರಿನವನಿಗೆ ತಿಳಿಯುವಷ್ಟರಲ್ಲಿ ಗೆದ್ದು ಹೊರಡಬೇಕು. ರೇಯೆಸ್ ಕೂಡ 1985ರಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋದಾಗ ಸೀಸರ್ ಮೊರಾಲೆಸ್ ಅನ್ನುವ ಸುಳ್ಳು ಹೆಸರಲ್ಲೇ ಆಡಿದರು. ಹೆಸರು ಹೇಳಿದರೆ ಎದುರು ಆಡೋಕೆ ಯಾರು ಬರ್ತಾರೆ, ಅಲ್ವಾ? ತನಗೆ ಗೊತ್ತಿರುವುದನ್ನು ಬಾಯಿ ಬಿಟ್ಟರೆ ನಾಳಿನ ಸಂಪಾದನೆ ಹೋಯಿತು ಅಂತ ಕಲಿತ ಒಂದು ಇಡೀ ತಲೆಮಾರು ಅದು. ಅಂಥವರಿಂದ ಮೈಕ್ ಹಿಡಿದ ತಕ್ಷಣ ಮಾತು ಬರಬೇಕು ಅನ್ನುವುದು ಹೇಗೆ?

ಆ ಮೌನದ ಜಾಗವನ್ನು ತುಂಬಿದ್ದು ಬಾಯಿ ಇದ್ದವರು. ಮಿನ್ನೆಸೋಟಾ ಫ್ಯಾಟ್ಸ್ ಅಂತ ಹೆಸರು ಮಾಡಿದ ರುಡಾಲ್ಫ್ ವಾಂಡೆರೋನ್ ಮಹಾ ಮಾತುಗಾರ. 1978ರಲ್ಲಿ ಅವರಿಗೂ ಹಲವು ಸಲ ವಿಶ್ವ ಚಾಂಪಿಯನ್ ಆಗಿದ್ದ ವಿಲ್ಲಿ ಮೊಸ್ಕೋನಿಗೂ ಟಿವಿಯಲ್ಲಿ ಪಂದ್ಯ ಏರ್ಪಟ್ಟಾಗ ಗೆದ್ದವರು ಮೊಸ್ಕೋನಿ. ಆದರೂ ಜನರ ನೆನಪಿನಲ್ಲಿ ಉಳಿದದ್ದು ಫ್ಯಾಟ್ಸ್ ಹೇಳಿದ ಕತೆಗಳು. ಇದೇ ಮೊಸ್ಕೋನಿ 1954ರ ಮಾರ್ಚ್ 19ರಂದು ಓಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೇ ಒಂದು ತಪ್ಪಿಲ್ಲದೆ ಸಾಲಾಗಿ 526 ಚೆಂಡು ಪಾಕೆಟ್ ಮಾಡಿದರು. ಅದಕ್ಕೆ ಸಾಕ್ಷಿಗಳ ಸಹಿ ಇರುವ ಕಾಗದ ಇದೆ, ಚಿತ್ರ ಇಲ್ಲ. ಆ ದಾಖಲೆ 2019ರವರೆಗೆ ನಿಂತಿತ್ತು. ಆ ವರ್ಷ ಜಾನ್ ಶ್ಮಿಡ್ಟ್ 626 ಹೊಡೆದರು, 2022ರಲ್ಲಿ ಜೇಸನ್ ಶಾ 714. ಇವರಿಬ್ಬರದ್ದಕ್ಕೂ ವಿಡಿಯೊ ಉಂಟು, ಇಬ್ಬರೂ ಬದುಕಿದ್ದಾರೆ, ಇನ್ನೂ ಆಡುವ ವಯಸ್ಸು. ಐನೂರು ದಾಟಿದ ಮೇಲೆ ತಲೆಯಲ್ಲಿ ಏನಾಗುತ್ತದೆ ಅಂತ ಇವರನ್ನಾದರೂ ಒಂದಿಡೀ ದಿನ ಕೂರಿಸಿಕೊಂಡು ಕೇಳಬಹುದಲ್ಲ.

ಇನ್ನು ಬ್ರೇಕ್, ಅಂದರೆ ಆಟ ಶುರು ಮಾಡುವ ಮೊದಲ ಹೊಡೆತ. ಹೊರಗಿನಿಂದ ನೋಡುವವರಿಗೆ ಅದು ಜೋರಾಗಿ ಹೊಡೆದು ಚೆಂಡು ಚದುರಿಸುವ ಕೆಲಸ. ಒಳಗಿನವರಿಗೆ ಅರ್ಧ ಆಟವೇ ಅದು. 2001ರ ಪೂಲ್ ಯುಎಸ್ ಓಪನ್ ಫೈನಲ್‌ನಲ್ಲಿ ಕೋರಿ ಡ್ಯೂಯೆಲ್ ಎಂಬ ಅಮೆರಿಕದ ಹುಡುಗ ಫಿನ್ಲೆಂಡಿನ ಮಿಕಾ ಇಮ್ಮೊನೆನ್ ಅವರನ್ನು 11-0ರಲ್ಲಿ ಸೋಲಿಸಿದ. ಇಮ್ಮೊನೆನ್ ಅದೇ ವರ್ಷದ ವಿಶ್ವ ಚಾಂಪಿಯನ್! ಎಲ್ಲರೂ ಮೈಯೆಲ್ಲ ಬಲ ಹಾಕಿ ಒಡೆಯುತ್ತಿದ್ದ ಕಾಲದಲ್ಲಿ ಡ್ಯೂಯೆಲ್ ಮೆತ್ತಗೆ ಒಡೆಯುತ್ತಿದ್ದ. ಜೋಡಿಸಿಟ್ಟ ರ್ಯಾಕಿನ ಅಂಚಿನ ಚೆಂಡು ಹೋಗಿ ಮೂಲೆಯ ಪಾಕೆಟ್‌ಗೆ ಬೀಳುವುದು, ಉಳಿದವು ತನಗೆ ಬೇಕಾದ ಹಾಗೆ ಹರಡಿಕೊಳ್ಳುವುದು, ಅಷ್ಟು ಕರಾರುವಾಕ್ಕಾಗಿ ಅದನ್ನು ಕಂಡುಕೊಂಡಿದ್ದ. ಆಮೇಲಿನ ವರ್ಷಗಳಲ್ಲಿ ಬ್ರೇಕಿಗೆ ಎಷ್ಟೆಲ್ಲ ನಿಯಮ ಬಂದವು ನೋಡಿ. ಇಂತಿಷ್ಟು ಚೆಂಡು ಮೇಜಿನ ಈ ಗೆರೆಯವರೆಗೆ ಬರಲೇಬೇಕು, ಬಿಳಿ ಚೆಂಡನ್ನು ಈ ಚೌಕದ ಒಳಗಿಂದಲೇ ಒಡೆಯಬೇಕು, ಚೆಂಡು ಜೋಡಿಸುವಾಗ ಒಂದರ ಬದಲು ಒಂಬತ್ತನ್ನು ಮೇಜಿನ ಗುರುತಿನ (ಸ್ಪಾಟ್) ಮೇಲೆ ಇಡಬೇಕು. ಪ್ರತಿ ನಿಯಮಕ್ಕೂ ಆಟಗಾರರು ಹೊಸ ದಾರಿ ಹುಡುಕಿದರು. ಅವರು ಪ್ರಾಕ್ಟೀಸ್ ಹಾಲ್‌ಗಳಲ್ಲಿ ಒಬ್ಬೊಬ್ಬರೇ ಗಂಟೆಗಟ್ಟಲೆ ರ್ಯಾಕ್ ಮಾಡಿ ಒಡೆದು ನೋಡಿ ಕಲಿತ ಈ ವಿದ್ಯೆ ಬಾಯಿಂದ ಬಾಯಿಗೆ ಮಾತ್ರ ಓಡಾಡುತ್ತಿದೆ. ಡ್ಯೂಯೆಲ್ ಅವರನ್ನು ಮೇಜಿನ ಪಕ್ಕ ನಿಲ್ಲಿಸಿ ಆ ಹುಡುಕಾಟದ ಕತೆಯನ್ನು ಮೊದಲಿಂದ ಹೇಳಿಸಿದರೆ ಅದೊಂದೇ ಎರಡು ಗಂಟೆಯ ಸಂದರ್ಶನ ಆಗುತ್ತದೆ. ನಾನಂತೂ ಕಣ್ಣು ಮಿಟುಕಿಸದೆ ನೋಡುತ್ತೇನೆ.

ಈ ಆಟದ ಇನ್ನೊಂದು ವಿಚಿತ್ರ ಅಂದರೆ ಕುರ್ಚಿ. ಟೆನಿಸ್‌ನಲ್ಲಿ ಎದುರಾಳಿ ಎಷ್ಟೇ ಚೆನ್ನಾಗಿ ಆಡಿದರೂ ಚೆಂಡು ನಿಮ್ಮ ಕಡೆ ಬರುತ್ತದೆ. ಪೂಲ್‌ನಲ್ಲಿ ಎದುರಾಳಿ ತಪ್ಪು ಮಾಡದಿದ್ದರೆ ನೀವು ಕುರ್ಚಿಯಲ್ಲಿ ಕೂತು ನೋಡುತ್ತಿರಬೇಕು, ಬೇರೇನೂ ಮಾಡುವ ಹಾಗಿಲ್ಲ. 2021ರ ಯುಎಸ್ ಓಪನ್ ಫೈನಲ್ ನೆನಪಿಸಿಕೊಳ್ಳಿ. ಸಿಂಗಪುರದ ಅಲೋಷಿಯಸ್ ಯಾಪ್ 8-3ರಲ್ಲಿ ಮುಂದಿದ್ದರು. ಅಲ್ಲಿಂದ ಫಿಲಿಪ್ಪೀನ್ಸಿನ ಕಾರ್ಲೊ ಬಿಯಾಡೊ ಸಾಲಾಗಿ ಹತ್ತು ರ್ಯಾಕ್ ಗೆದ್ದು 13-8ರಲ್ಲಿ ಮುಗಿಸಿದರು. ಬಿಯಾಡೊ ಕೈಗೆ ಏನು ಬಂತು ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಯಾಪ್ ಅವರನ್ನು ಕೇಳಬೇಕು. ಎಷ್ಟನೇ ರ್ಯಾಕಿನಲ್ಲಿ ಮೊದಲ ಸಲ ಹೆದರಿಕೆ ಆಯಿತು? ಕುರ್ಚಿಯಲ್ಲಿ ಕೂತು ಕಣ್ಣು ಎಲ್ಲಿಡುತ್ತೀರಿ, ಮೇಜಿನ ಮೇಲಾ, ನೆಲದ ಮೇಲಾ? ಮತ್ತೆ ಅವಕಾಶ ಸಿಕ್ಕಾಗ ಕೈ ತಣ್ಣಗಾಗಿರುತ್ತದಾ? ಸೋತವರನ್ನು ಕೇಳದೆ ಈ ಆಟದ ಅರ್ಧ ಭಾಗ ನಮಗೆ ತಿಳಿಯುವುದೇ ಇಲ್ಲ. ಅಮೆರಿಕದ ಶೇನ್ ವ್ಯಾನ್ ಬೋನಿಂಗ್ ಅವರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಶ್ರವಣ ಸಾಧನ ಬಳಸುತ್ತಾರೆ. ಐದು ಸಲ ಯುಎಸ್ ಓಪನ್, 2022ರಲ್ಲಿ ವಿಶ್ವ ನೈನ್ ಬಾಲ್ ಗೆದ್ದವರು. ಅವರ ಕುರ್ಚಿ ಬೇರೆಯವರ ಕುರ್ಚಿಗಿಂತ ಬೇರೆ ಇರಬೇಕು. ಹೇಗೆ ಬೇರೆ ಅಂತ ಅವರ ಬಾಯಲ್ಲೇ ಕೇಳುವ ಆಸೆ ನನಗೆ.

ಕೆಲವು ಪ್ರಶ್ನೆಗಳನ್ನು ಕೇಳುವುದಕ್ಕೆ ಮೊದಲು ಹತ್ತು ಸಲ ಯೋಚಿಸಬೇಕು. 2002ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ನೈನ್ ಬಾಲ್ ನಡೆಯುತ್ತಿದ್ದಾಗ ಫಿಲಿಪ್ಪೀನ್ಸಿನ ಆಟಗಾರ ಫ್ರಾನ್ಸಿಸ್ಕೊ ಬುಸ್ತಮಾಂಟೆ ಅವರ ಪುಟ್ಟ ಮಗಳು ಊರಲ್ಲಿ ತೀರಿಕೊಂಡಳು. ಅವರು ಆಡಿದರು. ಫೈನಲ್‌ವರೆಗೂ ಬಂದು ಸ್ಟ್ರಿಕ್‌ಲ್ಯಾಂಡ್ ಎದುರು 17-15ರಲ್ಲಿ ಸೋತರು. ಆ ಪ್ರಶಸ್ತಿ ಅವರಿಗೆ ಸಿಕ್ಕಿದ್ದು ಎಂಟು ವರ್ಷ ಕಳೆದು 2010ರಲ್ಲಿ, ದೋಹಾದಲ್ಲಿ. ಇದನ್ನು ಒಂದು ಸಾಲಿನ ಕಣ್ಣೀರಿನ ಕತೆ ಮಾಡಿ ಹೇಳುವವರು ಬೇಕಾದಷ್ಟು ಜನ. ಅವರು ಮನಸ್ಸಿದ್ದರೆ ಮಾತ್ರ, ತಮಗೆ ಬೇಕಾದ ವೇಗದಲ್ಲಿ, ಬೇಡವಾದದ್ದನ್ನು ಬಿಟ್ಟು ಹೇಳಿಕೊಳ್ಳುವಂಥ ಜಾಗವನ್ನು ಯಾರಾದರೂ ಒದಗಿಸಬೇಕು. ಅದು ಟೂರ್ನಿಯ ಗದ್ದಲದ ನಡುವೆ ಆಗುವ ಕೆಲಸ ಅಲ್ಲ.

ದುಡ್ಡಿನ ಕತೆಯನ್ನೂ ಆಟಗಾರರೇ ಹೇಳಬೇಕು. 2006ರಲ್ಲಿ ಐಪಿಟಿ (ಇಂಟರ್‌ನ್ಯಾಷನಲ್ ಪೂಲ್ ಟೂರ್) ಅನ್ನುವ ಹೊಸ ಟೂರ್ನಿ ಸರಣಿ ಭಾರೀ ಬಹುಮಾನ ಘೋಷಿಸಿತು. ರೀನೋದಲ್ಲಿ ನಡೆದ ಅದರ ವರ್ಲ್ಡ್ ಓಪನ್ ಗೆದ್ದ ರೇಯೆಸ್‌ಗೆ ಐದು ಲಕ್ಷ ಡಾಲರ್ ಅಂತ ಸಾರಿದರು. ಟೂರ್ ಕುಸಿಯಿತು, ಹೇಳಿದ ಹಣವನ್ನು ಹೇಳಿದ ಹಾಗೆ ಕೊಡಲಾಗಲಿಲ್ಲ. ಆ ಭರವಸೆ ನಂಬಿ ಕೆಲಸ ಬಿಟ್ಟವರು, ಸಾಲ ಮಾಡಿ ಪ್ರಯಾಣ ಮಾಡಿದವರು ಇದ್ದರಾ? ಈಗ ಸೌದಿಯ ಜೆಡ್ಡಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿಗೆ ಹತ್ತು ಲಕ್ಷ ಡಾಲರ್ ಬಹುಮಾನ ನಿಧಿ ಇದೆ. ಇವತ್ತಿನ ಹುಡುಗರು ಹಳಬರ ಈ ಅನುಭವ ಕೇಳಿಸಿಕೊಂಡರೆ ಒಳ್ಳೆಯದು ಅಂತ ನನಗನ್ನಿಸುತ್ತದೆ.

ನನ್ನ ಮನಸ್ಸನ್ನು ಜಾಸ್ತಿ ಕಾಡುವವರು ಜೀನ್ ಬಲುಕಾಸ್. ನ್ಯೂಯಾರ್ಕಿನ ಬ್ರೂಕ್ಲಿನ್ ಹುಡುಗಿ. 1969ರಲ್ಲಿ ಒಂಬತ್ತು ವರ್ಷಕ್ಕೇ ಯುಎಸ್ ಓಪನ್ ಆಡಿದರು. 1972ರಿಂದ ಸತತವಾಗಿ ಹಲವು ವರ್ಷ ಅದನ್ನು ಗೆದ್ದರು. ಗಂಡಸರ ಟೂರ್ನಿಗಳಿಗೂ ಇಳಿದರು. 1988ರಲ್ಲಿ ಒಂದು ಪಂದ್ಯದ ಸುತ್ತ ವಿವಾದ ಆಗಿ ಸ್ಪರ್ಧೆಯನ್ನೇ ಬಿಟ್ಟು ನಡೆದರು, ಇನ್ನೂ ಮೂವತ್ತು ತುಂಬಿರಲಿಲ್ಲ. ಆ ವಿವಾದ ಏನು ಅಂತ ಕೆದಕುವುದರಲ್ಲಿ ನನಗೆ ಆಸಕ್ತಿ ಇಲ್ಲ. ಅಷ್ಟು ಚೆನ್ನಾಗಿ ಆಡುವ ಕೈ ಆಡುವುದನ್ನು ನಿಲ್ಲಿಸಿದ ಮೇಲೆ ಬೆಳಿಗ್ಗೆ ಎದ್ದು ಏನು ಮಾಡುತ್ತದೆ? ಇದನ್ನು ಕೇಳಬೇಕು.

ಸಂದರ್ಶನಗಳು ಇಲ್ಲವೇ ಇಲ್ಲ ಅಂತಲ್ಲ. ಈಚೆಗೆ ಪಾಡ್‌ಕಾಸ್ಟ್‌ಗಳು ಬಂದಿವೆ, ಕೆಲವು ಚೆನ್ನಾಗಿಯೂ ಇವೆ. ಆದರೆ ಹೆಚ್ಚಿನವು ಇಂಗ್ಲಿಷಿನಲ್ಲಿ. ಈ ಆಟದ ಅರ್ಧಕ್ಕರ್ಧ ದೊಡ್ಡವರು ಫಿಲಿಪ್ಪೀನ್ಸ್, ತೈವಾನ್, ಚೀನಾದವರು. 2005ರಲ್ಲಿ ತೈವಾನಿನ ವು ಚಿಯಾ-ಚಿಂಗ್ ಹದಿನಾರನೇ ವಯಸ್ಸಿಗೆ ವಿಶ್ವ ನೈನ್ ಬಾಲ್ ಗೆದ್ದ. ಅಂಥ ಹುಡುಗನನ್ನು ಬಾರದ ಭಾಷೆಯಲ್ಲಿ ಕೇಳಿದರೆ ಖುಷಿಯಾಗಿದೆ, ಧನ್ಯವಾದ ಅಂದು ಮುಗಿಸುತ್ತಾನೆ. ತಾಯಿನುಡಿಯಲ್ಲಿ ಕೇಳಿ ನೋಡಿ, ಅಪ್ಪ ಅಮ್ಮ, ಮೇಷ್ಟ್ರು, ಹೋಂವರ್ಕು ಎಲ್ಲ ಬರುತ್ತದೆ. ಇನ್ನು ಕೇಳುವವರಿಗೆ ಆಟವೂ ಗೊತ್ತಿರಬೇಕು, ಸುಮ್ಮನಿರುವುದೂ ಗೊತ್ತಿರಬೇಕು. ಡ್ಯಾನಿ ಮೆಕ್‌ಗೂರ್ಟಿ ಅನ್ನುವ ಹಳೇ ಹಸ್ಲರ್ (ಪಣ ಕಟ್ಟಿ ಆಡಿ ಬದುಕಿದವನು) ಮುಂದೆ ಲೇಖಕ ರಾಬರ್ಟ್ ಬರ್ನ್ ಟೇಪ್ ರೆಕಾರ್ಡರ್ ಇಟ್ಟು ಅವನ ಬದುಕನ್ನೆಲ್ಲ ಅವನ ಮಾತಲ್ಲೇ ಹಿಡಿದರು. ಮೆಕ್‌ಗೂರ್ಟಿ ತೀರಿಹೋದದ್ದು 1970ರಲ್ಲಿ. ಬರ್ನ್ ಸ್ವಲ್ಪ ತಡ ಮಾಡಿದ್ದರೂ ಆ ಮಾತು ನಮಗೆ ಸಿಗುತ್ತಿರಲಿಲ್ಲ.

ನಮ್ಮ ಊರಿನ ಮಾತಿಗೆ ಬಂದರೆ, ಇಲ್ಲಿ ಪೂಲ್‌ಗಿಂತ ಬಿಲಿಯರ್ಡ್ಸ್, ಸ್ನೂಕರ್ ಹೆಚ್ಚು ಬೇರೂರಿವೆ. ಪಂಕಜ್ ಅಡ್ವಾಣಿ ಬೆಂಗಳೂರಲ್ಲಿ ಅರವಿಂದ್ ಸವೂರ್ ಅವರ ಹತ್ತಿರ ಕಲಿತು ವಿಶ್ವ ಪ್ರಶಸ್ತಿಗಳ ರಾಶಿಯನ್ನೇ ತಂದವರು. ಅವರ ಅಣ್ಣ ಶ್ರೀ ಅಡ್ವಾಣಿ ಕ್ರೀಡಾ ಮನೋವಿಜ್ಞಾನಿ. ಆ ಅಣ್ಣ ತಮ್ಮ ಎದುರುಬದುರು ಕೂತು ಬರೀ ಹೊಡೆತಗಳ ಬಗ್ಗೆ ಮಾತಾಡಿದರೆ ಹೇಗಿರುತ್ತದೆ! ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದಲ್ಲಿ ಮಹಿಳೆಯರ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ನ ಎಂಗ್ ಆನ್-ಯೀ ಎದುರು 6-5ರಲ್ಲಿ ಸೋತರು. ಆ ಒಂದು ದಿನದ ಬಗ್ಗೆಯೇ ಅವರನ್ನು ಒಂದು ಮಧ್ಯಾಹ್ನವಿಡೀ ಕೇಳಬಹುದು.

ಇವರಿಗಾದರೂ ಹೆಸರಿದೆ. ಹಳೇ ಕ್ಲಬ್ಬುಗಳ ಮಾರ್ಕರ್‌ಗಳಿಗೆ ಅದೂ ಇಲ್ಲ. ಚೆಂಡು ಜೋಡಿಸಿ, ಸ್ಕೋರ್ ಬರೆದು, ಬಟ್ಟೆಗೆ ಬ್ರಶ್ ಹಾಕಿ, ಮೆಂಬರುಗಳು ಬಾರದ ಹೊತ್ತಲ್ಲಿ ತಾವೂ ಆಡಿ, ಎಷ್ಟೋ ಹುಡುಗರಿಗೆ ಮೊದಲ ಸಲ ಕ್ಯೂ ಹಿಡಿಯೋದು ಹೇಳಿಕೊಟ್ಟವರು ಅವರು. ವರ್ಷಗಟ್ಟಲೆ ಒಂದೇ ಮೇಜಿನ ಪಕ್ಕ ನಿಂತು ಆಟ ನೋಡಿದ ಕಣ್ಣು ಅವರದ್ದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಕಡೆಯ ಕ್ಲಬ್ಬುಗಳಲ್ಲಿ ಮಾರ್ಕರ್ ಆಗಿದ್ದ ಹಿರಿಯರು ನಿಮಗೆ ಗೊತ್ತಿದ್ದರೆ, ಅವರಿಗೆ ಮಾತಾಡುವ ಮನಸ್ಸಿದ್ದರೆ, ದಯವಿಟ್ಟು ನನಗೆ ತಿಳಿಸಿ. ಭಾನುವಾರ ಬಿಡುವಿರುತ್ತದೆ. ಅವರಿಗೆ ಯಾವ ಊರು ಅನುಕೂಲವೋ ಅಲ್ಲಿಗೆ ಬರುತ್ತೇನೆ, ರೆಕಾರ್ಡರ್ ನಾನೇ ತರುತ್ತೇನೆ, ಸಾಧ್ಯವಾದರೆ ಒಂದು ಮೇಜಿನ ಪಕ್ಕದಲ್ಲೇ ಕೂತು ಮಾತಾಡೋಣ.